ತುಳಸಿಯ ಮೇಲೆ ಮೊಸರಿನ ಕಪ್

ಇಲ್ಲಿ ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ತುಟಿಗೆ ಅಂಟು ಹಚ್ಚಿ ನಾಲ್ಕು ನಿಮಿಷ ಒತ್ತಿ ಹಿಡೀರಿ. ಮಿಕ್ಕಿದ್ದನ್ನ ಅಂಟೇ ನೋಡ್ಕೊಳ್ಳತ್ತೆ. ಹರಿದಾಸರಾಯರು ಸತ್ತದ್ದು ನಿಜ. ಅವರ ಕೆಲಸದ ನಂಜುಂಡ ಜೈಲಿನಲ್ಲಿರೋದು ನಿಜ. ಅವನನ್ನ ಅಲ್ಲಿಗೆ ಕಳಿಸಿದ್ದು ಹನುಮಂತಯ್ಯ ಹಾಕಿದ ಸಹಿ ಅನ್ನೋದು ಎಲ್ಲಕ್ಕಿಂತ ನಿಜ.

ಆ ಹನುಮಂತಯ್ಯ ಈಗ ಅಣ್ಣಾ ನಗರದಲ್ಲಿ, ಸತ್ತವರ ಮನೆಯ ನಡುಮನೇಲಿ, ಬೆತ್ತದ ಕುರ್ಚಿಯ ತುದಿಗೆ ಕೂತಿದ್ದ. ಮಧ್ಯಾಹ್ನ ಎರಡೂವರೆ. ಮೇ ತಿಂಗಳು.

"ಅಮ್ಮಾ, ಒಂದು ಲೋಟ ತಣ್ಣೀರು ಕೊಡ್ತೀರಾ? ಫ್ರಿಜ್ಜಿಂದು."

ಎದುರಿಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ ಗೋದಾಬಾಯಿ, ರಾಯರ ಹೆಂಡತಿ, ಕತ್ತೆತ್ತಿ ನೋಡಿದ್ರು.

"ಸೂತಕದ ಮನೇಲಿ ನೀರು ಕೇಳ್ತೀರಲ್ಲ, ಹನುಮಂತಯ್ಯನವರೇ. ನಿಮ್ಮೂರ ಕಡೆ ಕುಡೀತಾರಾ?"

"ಇಲ್ಲ. ನಮ್ಮ ತುಮಕೂರು ಕಡೇನೂ ಕುಡಿಯಲ್ಲ."

"ಶರಿ ಮತ್ತೆ."

ಬಸ್ಸಿನಲ್ಲಿ ಅರ್ಧ ಗಂಟೆ ನಿಂತು ಹೊಸೆದ ಉಪಾಯ ಅದು. ತಾನು ನೀರು ಕೇಳೋದು, ಆಕೆ ಫ್ರಿಜ್ ತೆಗೆಯೋದು, ತಾನು ಹಿಂದಿನಿಂದ ಇಣುಕೋದು. ಎರಡು ಮಾತಿಗೆ ಸತ್ತಿತು. ಅಸಲಿಗೆ ಅವನು ಪತ್ತೇದಾರನೂ ಅಲ್ಲ.

ಅವನ ಕೆಲಸ ಒಂದು ಎಪಾಕ್ಸಿ ಅಂಟಿನ ಕಂಪನಿಲಿ. ರೆಸಿನ್ ಅಂತ ಒಂದು ಡಬ್ಬ, ಹಾರ್ಡನರ್ ಅಂತ ಇನ್ನೊಂದು. ಬೇರೆ ಬೇರೆ ಇಟ್ಟಿದ್ರೆ ವರ್ಷಗಟ್ಟಲೆ ಸುಮ್ಮನಿರ್ತಾವೆ. ಸೇರಿಸಿದ್ರೋ, ಕಲ್ಲಾಗೋ ತನಕ ಬಿಡಲ್ಲ. ಮಾಲು ಕೊಂಡವರು ಗಟ್ಟಿಯಾಗ್ಲಿಲ್ಲ, ಹೊಗೆ ಬಂತು, ಬಿರುಕು ಬಿಡ್ತು ಅಂತ ದೂರು ಕೊಡ್ತಾರೆ. ಇವನು ಹೋಗಿ ಅವರು ಕಲಸಿ ಬಿಸಾಕಿದ ಕಪ್ ತಿರುಗಿಸಿ ನೋಡಿ, ತಪ್ಪು ಯಾರದು ಅಂತ ಬರೆದು ಕೊಡ್ಬೇಕು. ಹದಿನೆಂಟು ವರ್ಷದಲ್ಲಿ ಕಲಿತದ್ದು ಇಷ್ಟೇ: ಗಿರಾಕಿ ಸುಳ್ಳು ಹೇಳ್ತಾನೆ, ಕಪ್ ಹೇಳಲ್ಲ.

ಒಂಬತ್ತು ದಿನದ ಹಿಂದೆ, ಏಕಾದಶಿ ಸಂಜೆ, ಪೊಲೀಸ್ರು ಅವನನ್ನ ಕರೆಸಿ ಇಂಥದ್ದೇ ಒಂದು ಕಪ್ ತೋರಿಸಿದ್ರು. ಅದು ರಾಯರ ಬಲಗೈ ಬೆರಳುಗಳ ಮಧ್ಯೆ ಇತ್ತು. ರಾಯರು ಹಿತ್ತಲ ಶೆಡ್ಡಿನಲ್ಲಿ ಮೇಜಿಗೆ ಮುಖ ಕೊಟ್ಟಿದ್ರು. ತಲೆ ಹಿಂಭಾಗ ಒಡೆದಿತ್ತು. ಒಡೆದದ್ದು ಅವರೇ ಎರಕ ಹೊಯ್ದ ಮೂರು ಕಿಲೋ ಬಿಲ್ಲೆ, ಒಳಗೊಂದು ಕರಿ ಚೇಳು. ಚೇಳಿಗೆ ಏನೂ ಆಗಿರ್ಲಿಲ್ಲ.

ಅದೇ ರಾಯರ ಕಸುಬು. ಕಾಲೇಜು ಲ್ಯಾಬುಗಳಿಗೆ ಚೇಳು, ಜೀರುಂಡೆ, ಕಪ್ಪೆಮರಿ ಎಲ್ಲಾ ಗಾಜಿನಂಥ ಎಪಾಕ್ಸಿಯೊಳಗೆ ಹುದುಗಿಸಿ ಕೊಡೋದು. ಒಮ್ಮೆ ಒಬ್ಬ ಹೋಟೆಲಿನವನಿಗೆ ಇಡೀ ಮಸಾಲೆದೋಸೆ ಹುದುಗಿಸಿದ್ರು, ಚಟ್ನಿ ಸಮೇತ. ಹನ್ನೊಂದು ವರ್ಷ ಆಯ್ತು, ಇನ್ನೂ ಗರಿಗರಿ ಕಾಣತ್ತೆ. ಹಸಿದು ಬಂದ ಇಬ್ಬರು ಹಲ್ಲು ಮುರ್ಕೊಂಡಿದ್ದಾರೆ.

ಹೆಣ ಮೊದಲು ನೋಡಿದ್ದು ರಾಯರ ತಮ್ಮ ವಿಠ್ಠಲ, ನಾಲ್ಕು ಗಂಟೆಗೆ. ಅವನಿಗೆ ಪೆರುಂಗುಡಿಯ ಆಫೀಸಲ್ಲಿ ರಾತ್ರಿ ಪಾಳಿ, ಹಗಲು ಮಹಡಿ ಮೇಲೆ ನಿದ್ದೆ. ಕೂಗು ಕೇಳಿ ಓಡಿ ಬಂದ ಪಕ್ಕದ ಮನೆಯವರೂ ನೋಡಿದ್ರು. ಕಪ್ಪಿನಲ್ಲಿದ್ದದ್ದು ಇನ್ನೂ ಜೇನಿನ ಹಾಗೆ ಹರೀತಿತ್ತು.

ಆ ಶೆಡ್ಡಿನ ಕಾವಿಗೆ ಕಲಸಿದ ಮಾಲು ಅರ್ಧ ಗಂಟೇಲಿ ಗಟ್ಟಿ ಕಟ್ಟತ್ತೆ. ಅಂದ್ರೆ ರಾಯರು ಕಲಸಿದ್ದು ಮೂರೂವರೆ ಮೇಲೆ. ಅಂದ್ರೆ ಸತ್ತದ್ದೂ ಮೂರೂವರೆ ಮೇಲೆ. ಹಾಗಂತ ಹನುಮಂತಯ್ಯ ಬರೆದು ಸಹಿ ಹಾಕ್ದ. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟ್ರು, ಈ ಸೆಕೇಲಿ ಹೆಣ ನೋಡಿ ಗಂಟೆ ಹೇಳೋಕಾಗಲ್ಲ ಅಂದಿದ್ರು. ಹಾಗಾಗಿ ಗಂಟೆ ಹೇಳೋಕೆ ಉಳಿದದ್ದು ಕಪ್ ಒಂದೇ.

ಆ ಹೊತ್ತಿಗೆ ಹಿತ್ತಲಲ್ಲಿದ್ದವನು ನಂಜುಂಡ. ಹೊಸೂರಿಂದ ಬಸ್ಸಿಗೆ ಹಾಕಿದ್ದ ಚೇಳಿನ ಪಾರ್ಸಲ್ ತರೋಕೆ ಹನ್ನೊಂದಕ್ಕೆ ಕೋಯಂಬೇಡು ಬಸ್ ಸ್ಟ್ಯಾಂಡಿಗೆ ಹೋಗಿದ್ದ, ಮೂರೂಕಾಲಿಗೆ ವಾಪಸ್ಸು. ಎದುರು ಮನೆ ವಾಚ್‌ಮನ್ನೂ ಅವನು ಬಂದದ್ದು ಅಷ್ಟೊತ್ತಿಗೇ ಅಂದ. ರಾಯರು ಕಲಸೋವಾಗ ಬಾಗಿಲು ತೆಗೆದ್ರೆ ಧೂಳು ಬೀಳತ್ತೆ ಅಂತ ಬೈತಾರೆ, ಅದಕ್ಕೆ ಹೊರಗೆ ಕೂತು ಬಾಟಲಿ ತೊಳೀತಿದ್ದೆ ಅಂತ ನಂಜುಂಡ ಹೇಳ್ದ. ಪೊಲೀಸ್ರಿಗೆ ಅದು ರುಚಿಸ್ಲಿಲ್ಲ.

ನಂಜುಂಡ ಗುಬ್ಬಿ ಕಡೆಯವನು. ಭಾನುವಾರ ಬಂದ್ರೆ ಹನುಮಂತಯ್ಯನ ಮನೇಲಿ ಮುದ್ದೆ ಉಂಡು, ತಟ್ಟೆ ತಾನೇ ತೊಳೆದಿಟ್ಟು ಹೋಗ್ತಿದ್ದ. ನಾಳೆ ಬೆಳಿಗ್ಗೆ ಹತ್ತೂವರೆಗೆ ಹನುಮಂತಯ್ಯ ಮ್ಯಾಜಿಸ್ಟ್ರೇಟರ ಮುಂದೆ ನಿಂತು ಬರೆದುಕೊಟ್ಟದ್ದನ್ನೇ ಬಾಯಲ್ಲಿ ಹೇಳ್ಬೇಕು. ಹೇಳಿದ್ರೆ ಆ ತಟ್ಟೆ ತೊಳೆಯೋಕೆ ನಂಜುಂಡ ಇನ್ನು ಬರಲ್ಲ.

ನಿದ್ದೆ ಬರದೆ ಹನುಮಂತಯ್ಯ ಇವತ್ತು ಬೆಳಿಗ್ಗೆ ಮತ್ತೆ ಸ್ಟೇಷನ್ನಿಗೆ ಹೋಗಿದ್ದ. ಪೂರ್ತಿ ಕಲ್ಲಾದ ಮೇಲೆ ಕಪ್ ನೋಡಿದ್ದು ಇದೇ ಮೊದಲು.

ಮೇಲ್ಮೈ ಗಾಜಿನ ಹಾಗೆ ಹೊಳೀಬೇಕಿತ್ತು. ಬೆಳ್ಳಗೆ ಮಂಕಾಗಿತ್ತು, ಉಸಿರು ಬಿಟ್ಟ ಕನ್ನಡಿ ಹಾಗೆ. ಕಲಸಿದ ಮಾಲನ್ನ ತಣ್ಣಗಿರೋ ಕಡೆ ಇಟ್ಟು, ಅದರ ಮೇಲೆ ನೀರಿನ ಪಸೆ ಕೂತಾಗ ಹೀಗಾಗತ್ತೆ. ಆ ಶೆಡ್ಡಿನಲ್ಲಿ ತಂಪು ಅನ್ನೋದು ಡಿಸೆಂಬರಿನಲ್ಲೂ ಇರಲ್ಲ.

ಕಪ್ಪಿನ ಹೊರಮೈಯಲ್ಲಿ ಸೋರಿ ಗಟ್ಟಿಯಾದ ಒಂದು ಹನಿ. ಅದರೊಳಗೆ ಹಸಿರಾಗಿ ಏನೋ ಇತ್ತು. ಭೂತಗನ್ನಡಿ ಹಿಡಿದು ನೋಡ್ದ. ತುಳಸಿ ತೆನೆಯ ಚೂರು.

"ನೀರಿಗೆ ಬಂದೋರಲ್ಲ ನೀವು," ಗೋದಾಬಾಯಿ ಅಂದ್ರು. "ಎದಕ್ಕೆ ಬಂದ್ರಿ ಹೇಳಿ."

"ನಿಮ್ಮ ಫ್ರಿಜ್ಜಿನಲ್ಲಿ ತುಳಸಿ ಇದೆಯಾ ಅಂತ ಕೇಳೋಕೆ."

ಆಕೆ ಉತ್ತರ ಕೊಡೋಕೆ ಮುಂಚೆ ಒಳಗಿನ ರೂಮಿಂದ ಮಗಳು ಸುಮೇಧಾ ತಲೆ ಹಾಕಿದ್ಲು. ಇಪ್ಪತ್ತೆರಡು ವರ್ಷ. ಅಪ್ಪ ಸತ್ತ ದಿನ ಮೈಸೂರಲ್ಲಿ ಸೋದರತ್ತೆ ಮನೇಲಿದ್ಲು ಅಂತ ಮನೆಯವರ ಮಾತು, ಮಾರನೇ ದಿನ ರೈಲಿಳಿದು ಬಂದಿದ್ಲು.

"ಅಂಕಲ್, ಅಮ್ಮಾ ಇನ್ನುಂ ಸಾಪ್ಪಿಡಲೆ. ಕೊಂಜಂ ಸೀಕ್ರಂ, ಪ್ಲೀಸ್."

"ಊಟ ಎಲ್ಲಿಗೂ ಓಡಿಹೋಗಲ್ಲ, ಅವರಿಗೆ ಅವಸರ ಮಾಡ್ಬೇಡ. ತಿಂತೀನಿ ಹೋಗು," ಗೋದಾಬಾಯಿ ಅಂದ್ರು. ಸುಮೇಧಾ ಒಳಗೆ ಹೋದ್ಲು. ಈ ಮನೇಲಿ ಅಮ್ಮ ಕನ್ನಡದಲ್ಲಿ ಕೇಳೋದು, ಮಗಳು ತಮಿಳಲ್ಲಿ ಹೇಳೋದು ಅವಳು ಎಲ್‌ಕೆಜಿಗೆ ಸೇರಿದಾಗಿನಿಂದ ನಡೆದು ಬಂದದ್ದು.

"ತುಳಸಿ ಇದೆ," ಅಂದ್ರು ಗೋದಾಬಾಯಿ. "ದ್ವಾದಶಿ ದಿನ ಕೀಳಬಾರದು. ಏಕಾದಶಿ ಬೆಳಿಗ್ಗೆನೇ ಕಿತ್ತು ಡಬ್ಬೀಲಿ ಹಾಕಿಡ್ತೀನಿ, ಮಾರನೇ ದಿನದ ಪೂಜೆಗೆ. ಐಸ್ ಪೆಟ್ಟಿಗೆ ಕೆಳಗಿನ ಟ್ರೇಲಿ."

"ಮಾರನೇ ದಿನ ಪೂಜೆ ಆಗ್ಲಿಲ್ಲ."

"ಸೂತಕದಲ್ಲಿ ಎಲ್ಲಿಂದ ಪೂಜೆ? ದೇವರ ಸಾಮಾನು ಯಾರೂ ಮುಟ್ಟಿಲ್ಲ. ಅಲ್ಲೇ ಇದೆ."

"ತೋರಿಸ್ತೀರಾ?"

ಆಕೆ ಎದ್ದು ಹೋಗಿ ಡಬ್ಬಿ ತಂದು ನೆಲದ ಮೇಲಿಟ್ರು. ಮುಚ್ಚಳ ಇಲ್ಲದ ಅಗಲ ಡಬ್ಬಿ. ಒಂಬತ್ತು ದಿನದ ತುಳಸಿ ಕಪ್ಪಗೆ ಮುದುಡಿತ್ತು. ನಟ್ಟ ನಡುವೆ ಹುಣಸೆ ಬೀಜದಷ್ಟು ದೊಡ್ಡ ಒಂದು ಹನಿ, ಗಟ್ಟಿ. ಅದರೊಳಗೆ ಸಿಕ್ಕಿಬಿದ್ದ ನಾಲ್ಕು ಎಲೆ ಮಾತ್ರ ಈಗ ತಾನೇ ಕಿತ್ತ ಹಾಗೆ ಹಸಿರಾಗಿದ್ವು.

ಹನುಮಂತಯ್ಯ ಮುಟ್ಟಲಿಲ್ಲ.

"ಶೆಡ್ಡಿನ ಕಪ್ ಇದರ ಮೇಲೆ ಕೂತಿತ್ತು, ಅಮ್ಮಾ."

ಈ ಮನೇಲಿ ಅದೆಂಥಾ ಮಾತು ಅಂತ ತಿಳೀಬೇಕಾದ್ರೆ ಶೆಡ್ಡಿನ ಕಪಾಟು ನೋಡಿರ್ಬೇಕು. ಅಂಗಡಿಯಿಂದ ತಂದದ್ದು ಆ ಎರಡು ಡಬ್ಬ ಮಾತ್ರ. ಮಿಕ್ಕಿದ್ದೆಲ್ಲ ಗೋದಾಬಾಯಿಯ ಮನೆಯಿಂದ ಗಡೀಪಾರಾದವು. ರೆಸಿನ್ ಅಳೆಯೋಕೆ ಕೆಮ್ಮಿನ ಔಷಧಿಯ ಪುಟ್ಟ ಕಪ್. ಹಾರ್ಡನರಿಗೆ ಸೂಜಿ ಕಿತ್ತ ಸಿರಿಂಜು. ಕಲಸೋಕೆ ಮೊಸರಿನ ಪ್ಲಾಸ್ಟಿಕ್ ಕಪ್, ಐಸ್‌ಕ್ರೀಮ್ ಕಡ್ಡಿ. ಮೇಜಿಗೆ ಹಾಸೋಕೆ ಸೀಳಿ ತೊಳೆದ ಹಾಲಿನ ಕವರ್, ಅದಕ್ಕೆ ಎಪಾಕ್ಸಿ ಅಂಟಲ್ಲ. ಮಿಕ್ಕಿದ ಹಾರ್ಡನರ್ ಗಾಳಿಯಾಡದ ಹಾಗೆ ಮುಚ್ಚಿಡೋಕೆ ಕ್ಯಾಮೆರಾ ರೋಲಿನ ಡಬ್ಬಿ. ಜೀರುಂಡೆಗಳಿಗೆ ಕೊಬ್ಬರಿ ಎಣ್ಣೆ ಸವರಿದ ಹಳೇ ಇಡ್ಲಿ ತಟ್ಟೆ. ಒಂದು ಎರಕಕ್ಕೆ ನಾಲ್ಕು ಹುಳ.

ಒಂದೊಂದರ ಮೇಲೂ ಗೋದಾಬಾಯಿ ಕೆಂಪು ನೈಲ್ ಪಾಲಿಶ್ ಚುಕ್ಕೆ ಇಟ್ಟಿದ್ರು. ಚುಕ್ಕೆ ಬಿದ್ದದ್ದು ಅಡಿಗೆಮನೆ ಹೊಸ್ತಿಲು ದಾಟೋ ಹಾಗಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಸಿರಿಂಜೂ ದಾಟಿಲ್ಲ ಅಂತ ಆಕೆ ನಂಬಿದ್ರು.

"ಕಲಸಿದ್ದನ್ನ ತಂಪಲ್ಲಿಟ್ರೆ ಬೇಗ ಕಟ್ಟಲ್ಲ," ಹನುಮಂತಯ್ಯ ಹೇಳ್ದ. "ಅರ್ಧ ಗಂಟೆ ಬರೋದು ನಾಲ್ಕೈದು ಗಂಟೆ ಬರತ್ತೆ. ಹೊರಗೆ ತೆಗೆದ ಮೇಲೂ ಆ ತಣುಪು ಆರೋ ತನಕ ಗಂಟೆಗಟ್ಟಲೆ ಹರೀತಾನೇ ಇರತ್ತೆ. ಏಕಾದಶಿ ದಿನ ನೀವು ಒಲೆ ಹಚ್ಚಲ್ಲ, ಫ್ರಿಜ್ ತೆಗೆಯಲ್ಲ. ರಾಯರಿಗೆ ಅದು ಗೊತ್ತಿತ್ತು. ಮಿಕ್ಕಿದ ಮಾಲು ಕೆಡಬಾರದು ಅಂತ ಬೆಳಿಗ್ಗೆ ತಂದಿಟ್ಟು, ಆಮೇಲೆ ತಗೊಂಡು ಹೋಗೋರು."

"ಎಷ್ಟು ಏಕಾದಶಿಯಿಂದ?"

"ಅದನ್ನ ಕಪ್ ಹೇಳಲ್ಲ."

ಗೋದಾಬಾಯಿ ಆ ನಾಲ್ಕು ಹಸಿರು ಎಲೆಗಳನ್ನೇ ನೋಡ್ತಾ ಕೂತ್ರು.

"ಹೇಳ್ಬಿಡಿ ಅಮ್ಮಾ. ಆವತ್ತು ಫ್ರಿಜ್ ತೆಗೆದ್ರಿ."

"ಮೂರಕ್ಕೆ ನೀರಿನ ಲಾರಿ ಬಂತು," ಅಂದ್ರು ಆಕೆ, ಡಬ್ಬಿಗೇ ಹೇಳೋ ಹಾಗೆ. "ಹಾರ್ನ್ ಮೇಲೆ ಹಾರ್ನ್. ಕೊಡ ಎತ್ತೋಕೆ ಆಳಿಲ್ಲ, ನಂಜುಂಡ ಇನ್ನೂ ಕೋಯಂಬೇಡಿಂದ ಬಂದಿರ್ಲಿಲ್ಲ. ನಾನೇ ಎರಡು ಕೊಡ ತಂದೆ. ನಿರಾಹಾರ ಬೇರೆ, ತಲೆ ಸುತ್ತಿತ್ತು. ಈ ಸೆಕೆಗೆ ತುಳಸಿ ಬಾಡಿತೇನೋ, ನಾಲ್ಕು ಹನಿ ಚಿಮುಕಿಸೋಣ ಅಂತ ಫ್ರಿಜ್ ತೆಗೆದೆ. ಅದರ ಮೇಲೆ ಕೂತಿತ್ತು. ನನ್ನ ಕೈಯಾರೆ ಚುಕ್ಕೆ ಇಟ್ಟ ಕಪ್. ಸೋರ್ತಾ."

"ಆಮೇಲೆ?"

"ಅದರೊಳಗಿನ ಐಸ್‌ಕ್ರೀಮ್ ಕಡ್ಡಿ ಕಿತ್ತು ಕುಪ್ಪೆ ಬುಟ್ಟಿಗೆ ಎಸೆದೆ. ಕಪ್ ಹಿಡ್ಕೊಂಡು ಶೆಡ್ಡಿಗೆ ಹೋದೆ. ಮೇಜಿನ ಮೇಲೆ ಕುಕ್ಕಿದೆ. ಬೈದೆ."

"ಯಾರನ್ನ?"

"ಇವರನ್ನ. ಇನ್ಯಾರನ್ನ?"

ಮಹಡಿ ಮೇಲೆ ವಿಠ್ಠಲನ ಫ್ಯಾನು ಕಟಕಟ ಅಂತಿತ್ತು.

"ಬಗ್ಗಿ ಕೂತಿದ್ರು," ಅಂದ್ರು ಗೋದಾಬಾಯಿ. "ಎರಕದಲ್ಲಿ ಗುಳ್ಳೆ ಇದೆಯಾ ನೋಡೋವಾಗ ಹಾಗೇ, ಮೂಗು ಮೇಜಿಗೆ ತಾಗ್ಬೇಕು. ತಲೆ ಮೇಲೆ ಕೆಂಪು ಟವಲ್ಲು. ಸೆಕೆಗೆ ಒದ್ದೆ ಮಾಡಿ ಹಾಕ್ಕೋತಾರೆ. ಒದ್ದೆಯಾಗಿತ್ತು. ದಿನಾ ಒದ್ದೆಯಾಗೇ ಇರತ್ತಲ್ಲ."

ಹನುಮಂತಯ್ಯ ಕುರ್ಚಿ ಬಿಟ್ಟು ನೆಲಕ್ಕಿಳಿದು ಕೂತ. ಯಾಕೋ ಮೇಲೆ ಕೂತು ಕೇಳೋಕಾಗ್ಲಿಲ್ಲ.

"ಐದು ನಿಮಿಷ ಬೈದೆ. ಅವರಮ್ಮನಿಂದ ಹಿಡಿದು ಬೈದೆ. ಲಾರಿ ನೀರು ನಿಮ್ಮಪ್ಪ ಹೊತ್ತು ತರ್ತಾರಾ ಅಂದೆ. ಇವರು ಮಾತಾಡ್ಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ತಿರುಗಿ ಮಾತಾಡಿದವರಲ್ಲ. ಇವತ್ತೂ ಇಲ್ಲ ಅಂದ್ಕೊಂಡು ಬಾಗಿಲು ಬಡಿದು ಬಂದೆ."



"ಪೊಲೀಸ್ರಿಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಹೆಣಕ್ಕೆ ಬೈದು ಬಂದೆ ಅಂತಲಾ?" ಆಕೆ ದನಿ ಎತ್ತರಿಸ್ಲಿಲ್ಲ. "ಯಾರೂ ಕೇಳಲೂ ಇಲ್ಲ. ಅವರು ಕೇಳ್ಲಿಲ್ಲ, ಬರೆದುಕೊಟ್ಟ ನೀವೂ ಕೇಳ್ಲಿಲ್ಲ. ಗಂಡ ಸತ್ತೋಳಿಗಿಂತ ಮೊಸರಿನ ಕಪ್ಪಿಗೆ ಜಾಸ್ತಿ ಗೊತ್ತಿರತ್ತೆ ಅಂದ್ಕೊಂಡ್ರಿ."

ಹನುಮಂತಯ್ಯನಿಗೆ ಅದು ಸರಿಯಾಗಿ ನಾಟಿತು.

"ಅಮ್ಮಾ, ಮೂರಕ್ಕೇ ರಾಯರು ತೀರಿಹೋಗಿದ್ರು. ನಂಜುಂಡ ಗೇಟು ದಾಟಿದ್ದು ಮೂರೂಕಾಲಿಗೆ."

"ಅಷ್ಟು ನನಗೂ ತಿಳಿಯತ್ತೆ. ಇನ್ನೊಂದೂ ತಿಳಿಯತ್ತೆ. ಮೂರಕ್ಕೆ ಮುಂಚೆ ಮನೇಲಿದ್ದದ್ದು ನಾನು, ಮೇಲೆ ವಿಠ್ಠಲ. ನಾನಲ್ಲ." ಆಕೆ ಸೂರಿನ ಕಡೆ ನೋಡಿದ್ರು. "ನಾನು ಈ ಮನೆಗೆ ಬಂದಾಗ ಅವನಿಗೆ ಒಂಬತ್ತು ವರ್ಷ. ಸೆರಗು ಹಿಡ್ಕೊಂಡು ಸ್ಕೂಲಿಗೆ ಬರೋನು."

"ವಿಠ್ಠಲನೇ ಅಂತ ನಾನು ಹೇಳ್ತಿಲ್ಲ. ಶೆಡ್ಡಿಗೆ ಗಲ್ಲಿ ಕಡೆ ಇನ್ನೊಂದು ಬಾಗಿಲಿದೆ."

"ಕಪ್ ನಾನಿಟ್ಟದ್ದು ಮೇಜಿನ ಮೇಲೆ. ನೀವು ಕೈಯಲ್ಲಿತ್ತು ಅಂತೀರಿ. ಕೈಗೆ ಕೊಟ್ಟವರು ಯಾರು?"

"ಅದು ಇನ್ನೂ ಹರಿಯೋದನ್ನ ನೋಡಿದವರು. ಈಗಷ್ಟೇ ಸತ್ತ ಹಾಗೆ ಕಾಣ್ಲಿ ಅಂತ." ಒಂದು ಕ್ಷಣ ಬಿಟ್ಟು ಅವನು ಮುಂದಿನದನ್ನೂ ಹೇಳ್ದ. "ನೀವು ಬೈಯೋವಾಗ ಕೊಂದವರು ಕಪಾಟಿನ ಹಿಂದೆ ನಿಂತು ಕೇಳಿಸ್ಕೊಂಡಿರಬಹುದು."

ಗೋದಾಬಾಯಿ ಸೆರಗನ್ನ ಭುಜದ ಮೇಲೆ ಬಿಗಿಯಾಗಿ ಎಳ್ಕೊಂಡ್ರು. ಆ ಸೆಕೇಲಿ.

"ನಂಜುಂಡನಿಗೆ ತಾಯಿ ಇದ್ದಾಳಾ?"

"ಇದ್ದಾರೆ. ಗುಬ್ಬೀಲಿ. ಇನ್ನೂ ಯಾರೂ ಹೇಳಿಲ್ಲ. ನಾಳೆ ಹತ್ತೂವರೆಗೆ ಕೋರ್ಟು."

"ಆ ಲಾರಿ ಬಂದಾಗೆಲ್ಲ ಮೊದಲು ನನ್ನ ಕೊಡ ತುಂಬಿಸಿ, ಆಮೇಲೆ ತನ್ನ ಬಕೆಟ್ಟು ಹಿಡಿಯೋನು," ಅಂದ್ರು ಆಕೆ. ಆಮೇಲೆ, "ಬರ್ತೀನಿ. ಕೊಂದವರು ಯಾರಿದ್ರೂ ಸರಿ, ಮಹಡಿ ಮೇಲಿರೋನೇ ಆದ್ರೂ ಸರಿ. ಮೂರಕ್ಕೆ ಹೋಗಿದ್ದೆ, ಬೈದೆ, ಇವರು ಮಾತಾಡ್ಲಿಲ್ಲ ಅಂತ ಹೇಳ್ತೀನಿ. ಸೂತಕದೋಳು ಕೋರ್ಟಿಗೆ ಬರಬಹುದಾ?"

"ಕೋರ್ಟಿಗೆ ಸೂತಕ ತಟ್ಟಲ್ಲ ಅಮ್ಮಾ. ಅಲ್ಲಿ ದಿನಾ ಅದೇ."

ಒಂಬತ್ತು ದಿನದಿಂದ ಎದೆ ಮೇಲೆ ಕೂತಿದ್ದ ಆ ಮೂರು ಕಿಲೋ ಬಿಲ್ಲೆ ಒಂದು ಅಂಗುಲ ಸರೀತು ಅನ್ನಿಸ್ತು ಹನುಮಂತಯ್ಯನಿಗೆ.

"ಆದ್ರೆ ಒಂದು," ಅಂದ್ರು ಗೋದಾಬಾಯಿ. "ಕಣ್ಣಲ್ಲಿ ನೋಡದ್ದು ನಾನು ಹೇಳಲ್ಲ. ಪೊಲೀಸ್ರ ಹತ್ರ ಇರೋದು ನನ್ನ ಕಪ್ಪೇ ಅಂತ ಹೇಗೆ ಹೇಳ್ಲಿ?"

ಅವನು ಚೀಲದಿಂದ ಫೋಟೋ ತೆಗೆದ. ಪೊಲೀಸ್ರು ವರದಿ ಬರೆಯೋಕೆ ಕೊಟ್ಟಿದ್ದು, ಕಪ್ ಮತ್ತೆ ರಾಯರ ಮುಂಗೈ ಮಾತ್ರ ಕಾಣೋ ಹಾಗೆ. ಆಕೆ ಅದನ್ನ ಕಿಟಕಿ ಬೆಳಕಿಗೆ ಹಿಡಿದ್ರು. ಗಂಡನ ಬೆರಳುಗಳನ್ನ ಸ್ವಲ್ಪ ಹೊತ್ತು ನೋಡಿದ್ರು.

"ಚುಕ್ಕೆ ನಂದೇ. ಒಂದು ಕಡೆ ಹರಡಿದೆ, ಆವತ್ತು ಕೈ ಜಾರಿತ್ತು." ಹೆಬ್ಬೆರಳು ಸ್ವಲ್ಪ ಮೇಲೆ ಸರೀತು. "ಇದೇನು ನಿಂತಿರೋದು?"

"ಕಲಸೋ ಕಡ್ಡಿ."

"ಕಡ್ಡಿ ನಾನು ಎಸೆದೆ ಅಂದ್ನಲ್ಲ."

ಹನುಮಂತಯ್ಯ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಅದನ್ನ ನೋಡಿದ್ದ. ಕಪ್ಪಿನ ಜೊತೆಗೇ ಕಲ್ಲಾಗಿ ನಿಂತಿತ್ತು. ರಾಯರು ಕೈಗೆ ಸಿಕ್ಕಿದ್ರಲ್ಲಿ ಕಲಸೋರು, ಯಾವುದೋ ಬ್ರಷ್ಷಿನ ಹಿಡಿ ಅಂದ್ಕೊಂಡಿದ್ದ. ಹದಿನೆಂಟು ವರ್ಷ ಕಪ್ ನೋಡಿದವನು ಕಡ್ಡಿ ನೋಡಿರ್ಲಿಲ್ಲ.

"ಕಪ್ ಕೈಗೆ ಕೊಟ್ಟವರೇ ಚುಚ್ಚಿರ್ಬೇಕು," ಅಂದ ನಿಧಾನವಾಗಿ. "ಕಲಸ್ತಾ ಕಲಸ್ತಾ ಸತ್ತ ಹಾಗೆ ಕಾಣೋಕೆ. ಐಸ್‌ಕ್ರೀಮ್ ಕಡ್ಡಿ ಹುಡುಕೋಕೆ ಟೈಮಿರ್ಲಿಲ್ಲವೇನೋ, ಮೈಮೇಲೆ ಇದ್ದದ್ದೇ ಹಾಕಿದ್ದಾರೆ. ತುದೀಲಿ ಏನೋ ಕೆತ್ತಿದೆ ನೋಡಿ. ಹಕ್ಕಿ ಥರ."

"ಗಿಣಿ," ಅಂದ್ರು ಗೋದಾಬಾಯಿ.

ಅಷ್ಟು ಚಿಕ್ಕ ಫೋಟೋದಲ್ಲಿ ಅದು ಗಿಣಿ ಅಂತ ಗೊತ್ತಾಗೋ ಹಾಗಿರ್ಲಿಲ್ಲ.

ಆಕೆ ಒಳರೂಮಿನ ಕಡೆ ಮುಖ ತಿರುಗಿಸಿದ್ರು.

"ಸುಮೇಧಾ."

"ಎನ್ನಮ್ಮಾ?"

"ತುರುಬಿಗೆ ಚುಚ್ಕೋತೀಯಲ್ಲ, ಆ ಗಂಧದ ಮರದ ಕಡ್ಡಿ ಎಲ್ಲೇ?"

ಒಳಗೆ ಓಡಾಡ್ತಿದ್ದ ಹೆಜ್ಜೆ ನಿಂತಿತು. ಮಹಡಿ ಫ್ಯಾನು ಕಟಕಟ, ಕಟಕಟ, ಕಟಕಟ ಅಂತು.

"ಮೈಸೂರಲ್ಲೇ ಮರೆತು ಬಂದೆ ಅಮ್ಮಾ," ಅಂದ್ಲು ಸುಮೇಧಾ. ಅಚ್ಚ ಕನ್ನಡದಲ್ಲಿ.

ಗೋದಾಬಾಯಿ ಫೋಟೋನ ಮಗುಚಿ ನೆಲದ ಮೇಲಿಟ್ರು. ತುಳಸಿ ಡಬ್ಬಿ ಎತ್ಕೊಂಡ್ರು. ಗೋಡೆ ಹಿಡಿದು ಎದ್ರು.

"ಅಮ್ಮಾ," ಅಂದ ಹನುಮಂತಯ್ಯ, ತಾನೂ ಏಳ್ತಾ. "ಒಂಬತ್ತೂವರೆಗೆ ಆಟೋ ತರ್ತೀನಿ. ಕಡ್ಡಿ ವಿಷಯ ನಾನು ಎತ್ತಲ್ಲ. ನೀವು ಲಾರಿ ಬಂದದ್ದು ಮಾತ್ರ ಹೇಳಿ, ಡಬ್ಬಿ ಇಲ್ಲಿ ಕೊಟ್ಟು ಹೋಗಿ, ಅದಿಲ್ಲದೆ ನನ್ನ ಮಾತು ಯಾರೂ ನಂಬಲ್ಲ, ಆ ನಂಜುಂಡನಿಗೆ ಇನ್ನು ನೀವೊಬ್ಬರೇ..."

ಆಕೆ ಡಬ್ಬಿ ಸಮೇತ ಮಗಳ ರೂಮಿಗೆ ಹೋಗಿ, ಒಳಗಿಂದ ಚಿಲಕ ಹಾಕ್ಕೊಂಡ್ರು.